1929ರ ಫೋರ್ಡ್ ಮಾಡೆಲ್ ಎ: ಟ್ಯಾಂಕು ತುಂಬಿದ್ದರೂ ಪೆಟ್ರೋಲ್ ಗೇಜು ದಿನೇ ದಿನೇ ಕೆಳಗಿಳಿಯುತ್ತಿದೆ

ಪ್ರಶ್ನೆ: ತೋಟದ_ಫೇಟನ್, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1929ರ ಫೋರ್ಡ್ ಮಾಡೆಲ್ ಎ ಫೇಟನ್ ಕಾರೊಂದಿದೆ. ತಾತನವರು ಕಾಫಿ ತೋಟದ ಓಡಾಟಕ್ಕೆಂದು ಕೊಂಡದ್ದು. ಬಲಗಡೆ ಸ್ಟೀರಿಂಗ್ ಇರುವ, ಕೆನಡಾದ ಫೋರ್ಡ್ ಕಂಪನಿಯಿಂದ ಬಂದ ಗಾಡಿ. ಬಹಳ ವರ್ಷ ಶೆಡ್ಡಿನಲ್ಲಿ ನಿಂತಿದ್ದ ಇದನ್ನು ಆರು ವರ್ಷಗಳ ಹಿಂದೆ ಮತ್ತೆ ಓಡುವ ಹಾಗೆ ಮಾಡಿಸಿದೆ. ಎಂಜಿನ್, ಬ್ರೇಕು, ದೀಪ ಎಲ್ಲವೂ ಚೆನ್ನಾಗಿವೆ. ತೊಂದರೆ ಕೊಡುತ್ತಿರುವುದು ಪೆಟ್ರೋಲ್ ಗೇಜು ಮಾತ್ರ.

ಮೊದಲ ಮೂರು ನಾಲ್ಕು ವರ್ಷ ಗೇಜು ಸರಿಯಾಗಿಯೇ ತೋರಿಸುತ್ತಿತ್ತು. ಆಮೇಲೆ ಇರುವುದಕ್ಕಿಂತ ಕಡಿಮೆ ತೋರಿಸಲು ಶುರುವಾಯಿತು. ಕಳೆದ ಬೇಸಿಗೆಯಲ್ಲಿ ಅದು ಅರ್ಧಕ್ಕಿಂತ ಕೆಳಗಿದ್ದುದನ್ನು ನಂಬಿ ಬಂಕಿನಲ್ಲಿ ಇಪ್ಪತ್ತು ಲೀಟರ್ ಹಾಕಲು ಹೇಳಿದೆ. ಹತ್ತು ಲೀಟರ್ ತುಂಬುವಷ್ಟರಲ್ಲಿ ಪೆಟ್ರೋಲು ಬಾಯಿಂದ ಉಕ್ಕಿ ಗಾಜಿನ ಮುಂದಿನ ತಗಡಿನ ಮೇಲೆ ಹರಿಯಿತು. ಎಂಜಿನ್ ಇನ್ನೂ ಬಿಸಿಯಾಗಿತ್ತು. ಹಿಂದಿನ ಸೀಟಿನಲ್ಲಿ ಮಕ್ಕಳಿದ್ದರು. ಅಂದಿನ ಹೆದರಿಕೆ ಇವತ್ತಿಗೂ ಹೋಗಿಲ್ಲ, ಅದಕ್ಕೇ ಇದನ್ನು ಸರಿಪಡಿಸದೆ ಮತ್ತೆ ದೂರದ ದಾರಿಗೆ ಗಾಡಿ ತೆಗೆಯಬಾರದು ಎಂದುಕೊಂಡಿದ್ದೇನೆ.

ಇನ್ನೊಂದು ವಿಷಯ ನನಗೆ ಅರ್ಥವಾಗಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಈ ಗಾಡಿ ಹೊರಗೆ ತೆಗೆಯುವುದಿಲ್ಲವಾದ್ದರಿಂದ ಟ್ಯಾಂಕು ಖಾಲಿ ಮಾಡಿ ನಾಲ್ಕು ತಿಂಗಳು ನಿಲ್ಲಿಸಿದ್ದೆ. ದಸರೆಯ ಹೊತ್ತಿಗೆ ಅಳೆದು ಇಪ್ಪತ್ತು ಲೀಟರ್ ಹಾಕಿದಾಗ ಗೇಜು ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಂದರೆ ಸರಿಯಾದ ಜಾಗದಲ್ಲೇ ನಿಂತಿತು. ತಾನಾಗಿಯೇ ರಿಪೇರಿಯಾಯಿತೆಂದು ಸಂತೋಷಪಟ್ಟೆ. ಎಂಟು ಹತ್ತು ದಿನ ಕಳೆಯುವಷ್ಟರಲ್ಲಿ, ಮೂರು ನಾಲ್ಕು ಲೀಟರ್ ಮಾತ್ರ ಖರ್ಚಾಗಿದ್ದರೂ, ಅದು ಕಾಲು ಭಾಗಕ್ಕಿಂತ ಕೆಳಗಿಳಿಯಿತು.

ಇದರ ಜೊತೆಗೆ ಗೇಜಿನ ಗಾಜಿನ ಕೆಳಗಡೆ ತೇವದ ಕಲೆ ಕಾಣುತ್ತಿದೆ, ಗಾಡಿಯೊಳಗೆ ಪೆಟ್ರೋಲ್ ವಾಸನೆ ಇದೆ. ಎಂಜಿನ್ ಕಡೆ ಪೆಟ್ರೋಲಿನ ಕಸ ತಡೆಯಲು ಇರುವ ಗಾಜಿನ ಬಟ್ಟಲಿನಲ್ಲಿ ಈಚೆಗೆ ಕಂದು ಬಣ್ಣದ, ಬೆರಳಿಗೆ ಅಂಟುವ ಕಸ ಕೂರುತ್ತಿದೆ. ಸ್ಥಳೀಯ ಮೆಕ್ಯಾನಿಕ್ ಒಬ್ಬರು ಗೇಜಿನ ತಂತಿಯನ್ನು ಒಂದು ಗಂಟೆ ಹುಡುಕಿ, ಸಿಗದೆ, ಟ್ಯಾಂಕಿಗೆ ತೂತು ಕೊರೆದು ಈಗಿನ ಕಾಲದ ಎಲೆಕ್ಟ್ರಿಕ್ ಗೇಜು ಕೂರಿಸೋಣ ಎಂದರು. ತಾತನ ಗಾಡಿಗೆ ತೂತು ಕೊರೆಸಲು ನನಗೆ ಮನಸ್ಸಿಲ್ಲ. ಇರುವ ಗೇಜನ್ನೇ ಸರಿಪಡಿಸಲು ಸಾಧ್ಯವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಐವತ್ತೆಂಟರ_ಅಂಬಾಸಿಡರ್, ದಾವಣಗೆರೆ

ನಮಸ್ಕಾರ ಸರ್. ನನ್ನ ಅನುಭವ 1950ರ ನಂತರದ ಗಾಡಿಗಳದ್ದು, ಆದರೂ ಹೇಳುತ್ತೇನೆ. ನಮ್ಮ ಗಾಡಿಗಳಲ್ಲಿ ಗೇಜು ಕೆಟ್ಟರೆ ಹತ್ತರಲ್ಲಿ ಎಂಟು ಸಲ ತಪ್ಪು ಇರುವುದು ಟ್ಯಾಂಕಿನ ಅರ್ತಿಂಗ್‌ನಲ್ಲಿ. ಟ್ಯಾಂಕಿನ ಮೇಲಿರುವ, ಪೆಟ್ರೋಲಿನ ಮಟ್ಟವನ್ನು ಗೇಜಿಗೆ ತಿಳಿಸುವ ಸೆಂಡರ್‌ನ ತಂತಿ ಬಿಚ್ಚಿ ಒಂದೆರಡು ಸೆಕೆಂಡು ಬಾಡಿಗೆ ತಾಗಿಸಿ ನೋಡುತ್ತೇವೆ. ಎರಡು ಸುರುಳಿಯ ಹಳೆಯ ಗೇಜಾದರೆ ಮುಳ್ಳು ಖಾಲಿಯ ಕಡೆಗೆ ಹೋಗಬೇಕು, ಬಿಸಿಯಾಗಿ ಬಾಗುವ ಪಟ್ಟಿಯ ಗೇಜಾದರೆ ತುಂಬಿದ ಕಡೆಗೆ ನಿಧಾನವಾಗಿ ಏರಬೇಕು. ಹಾಗಾದರೆ ಗೇಜು ಸರಿಯಿದೆ, ಸೆಂಡರ್ ಅಥವಾ ಅದರ ಅರ್ತಿಂಗ್ ಕೆಟ್ಟಿದೆ ಎಂದು ಅರ್ಥ. ನಿಮ್ಮಲ್ಲೂ ತಂತಿ ಎಲ್ಲೋ ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರಬಹುದು, ಇನ್ನೊಮ್ಮೆ ಹುಡುಕಿಸಿ ನೋಡಿ.

ಉತ್ತರ 2: ಅಳತೆಗೋಲು, ಮೈಸೂರು

ದಾವಣಗೆರೆಯ ಮಿತ್ರರು ಹೇಳಿದ ವಿಧಾನ ಅವರ ಕಾಲದ ಗಾಡಿಗಳಿಗೆ ನೂರಕ್ಕೆ ನೂರು ಸರಿ. ಆದರೆ ಮಾಡೆಲ್ ಎ ಗಾಡಿಯ ಪೆಟ್ರೋಲ್ ಗೇಜಿಗೆ ತಂತಿಯೇ ಇಲ್ಲ. ಆ ಮೊಟ್ಟೆಯಾಕಾರದ ಫಲಕದಲ್ಲಿರುವ ಮೀಟರುಗಳಲ್ಲಿ ಆಮೀಟರ್ ಒಂದೇ ವಿದ್ಯುತ್ತಿಗೆ ಸಂಬಂಧಿಸಿದ್ದು. ಆದ್ದರಿಂದ ತಂತಿ ಹುಡುಕುವ ಕೆಲಸವನ್ನೂ, ಅದಕ್ಕಿಂತ ಮುಖ್ಯವಾಗಿ ಪೆಟ್ರೋಲ್ ಜಿನುಗುತ್ತಿರುವ ಜಾಗದ ಹತ್ತಿರ ಕಿಡಿ ಹಾರಿಸಿ ನೋಡುವ ಕೆಲಸವನ್ನೂ ದಯವಿಟ್ಟು ಕೈಬಿಡಿ.

ಈ ಗಾಡಿಯ ರಚನೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಂಡರೆ ಉಳಿದದ್ದು ಸುಲಭ. ಮಾಡೆಲ್ ಎ ಗಾಡಿಗೆ ಪೆಟ್ರೋಲ್ ಪಂಪು ಇಲ್ಲ. ಟ್ಯಾಂಕು ಮುಂಗಾಜಿನ ಮುಂದೆ, ಎಂಜಿನ್ನಿಗೂ ನಿಮ್ಮ ಮೊಣಕಾಲಿಗೂ ನಡುವೆ ಎತ್ತರದಲ್ಲಿದೆ. ಅಲ್ಲಿಂದ ಪೆಟ್ರೋಲು ತನ್ನ ಭಾರದಿಂದಲೇ ಜೆನಿತ್ ಕಾರ್ಬ್ಯುರೇಟರಿಗೆ ಇಳಿಯುತ್ತದೆ. ಹೊರಗಿನಿಂದ ಬಾಡಿಯ ತಗಡು ಎಂದು ಕಾಣುವುದು ನಿಜಕ್ಕೂ ಟ್ಯಾಂಕಿನ ಮೇಲ್ಮೈ. ಒಳಗೆ ಕೂತವರ ಎದುರಿಗಿರುವ ಮೀಟರುಗಳ ಫಲಕ ಟ್ಯಾಂಕಿನ ಹಿಂಗೋಡೆಗೆ ಒರಗಿಕೊಂಡಿದೆ. ಅಂದರೆ ಗೇಜಿನ ಗಾಜು ಟ್ಯಾಂಕಿಗೇ ಇಟ್ಟ ಒಂದು ಕಿಟಕಿ. ಆ ಗಾಜಿನ ಹಿಂದೆ ಇರುವುದು ಪೆಟ್ರೋಲೇ. ಒಳಗೆ ತಂತಿಕಡ್ಡಿಯ ತುದಿಗೆ ಕಾರ್ಕಿನ ಬೆಂಡೊಂದು ತೇಲುತ್ತಿರುತ್ತದೆ. ಬೆಂಡು ಏರಿಳಿದಂತೆ ಕಡ್ಡಿಯ ಬುಡದಲ್ಲಿರುವ ಅಂಕೆಗಳ ತಗಡು ತಿರುಗಿ ಗಾಜಿನಲ್ಲಿ ಕಾಣುತ್ತದೆ. ಇಡೀ ಗೇಜು ಇಷ್ಟೇ. 1908ರಿಂದ ಬಂದ ಮಾಡೆಲ್ ಟಿ ಗಾಡಿಯಲ್ಲಿ ಇಷ್ಟೂ ಇರಲಿಲ್ಲ. ಸೀಟು ಎತ್ತಿ, ಟ್ಯಾಂಕಿನ ಮುಚ್ಚಳ ತೆಗೆದು, ಕೋಲು ಇಳಿಸಿ ನೋಡಬೇಕಿತ್ತು. ಅದನ್ನು ನೆನೆದರೆ 1927ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾಡೆಲ್ ಎ ಕೊಂಡವರಿಗೆ ಈ ಕಿಟಕಿ ಎಷ್ಟು ದೊಡ್ಡ ಅನುಕೂಲವಾಗಿ ಕಂಡಿರಬೇಕು ಎನ್ನುವುದು ತಿಳಿಯುತ್ತದೆ.

ಇಂಥ ಗೇಜು ಕೆಡುವ ದಾರಿಗಳು ಮೂರೇ. ಒಂದು, ಅದು ತಿರುಗುವ ಕೀಲಿನಲ್ಲಿ ತುಕ್ಕು ಅಥವಾ ಅಂಟು ಸೇರಿ ಸಿಕ್ಕಿಕೊಳ್ಳುವುದು. ಆಗ ಅಂಕೆ ಇದ್ದಲ್ಲೇ ಇರುತ್ತದೆ, ಇಲ್ಲವೇ ಗಾಡಿ ಗುಂಡಿಗೆ ಬಿದ್ದಾಗ ಒಮ್ಮೆಲೇ ಹಾರುತ್ತದೆ. ಎರಡು, ಕಡ್ಡಿ ಬಾಗಿರುವುದು. ಆಗ ತಪ್ಪು ಮೊದಲ ದಿನದಿಂದಲೇ ಇರುತ್ತದೆ, ದಿನ ಕಳೆದಂತೆ ಬೆಳೆಯುವುದಿಲ್ಲ. ಮೂರು, ಬೆಂಡು ಪೆಟ್ರೋಲು ಕುಡಿದು ಭಾರವಾಗುವುದು. ಇದರ ಗುರುತೇ ಬೇರೆ. ಒಣಗಿದ ಬೆಂಡು ಚೆನ್ನಾಗಿ ತೇಲುತ್ತದೆ, ಪೆಟ್ರೋಲಿನಲ್ಲಿ ದಿನ ಕಳೆದಂತೆ ನೆನೆದು ತಗ್ಗುತ್ತದೆ, ಟ್ಯಾಂಕು ಖಾಲಿ ಮಾಡಿ ತಿಂಗಳುಗಟ್ಟಲೆ ಬಿಟ್ಟರೆ ಒಣಗಿ ಮತ್ತೆ ಸರಿಯಾಗುತ್ತದೆ. ನೀವು ಅರ್ಥವಾಗಲಿಲ್ಲ ಎಂದು ಬರೆದ ಮಳೆಗಾಲದ ಪ್ರಸಂಗವೇ ನಿಮ್ಮ ಪ್ರಶ್ನೆಗೆ ಉತ್ತರ. ಗೇಜು ಎಷ್ಟು ತಪ್ಪು ತೋರಿಸುತ್ತಿದೆ ಎನ್ನುವುದಕ್ಕಿಂತ ಆ ತಪ್ಪು ಹೇಗೆ ಬೆಳೆಯಿತು ಎಂಬುದನ್ನು ನೀವು ಗಮನಿಸಿ ಬರೆದದ್ದರಿಂದಲೇ, ಇಲ್ಲಿ ಕೂತು ಇಷ್ಟು ಧೈರ್ಯವಾಗಿ ಹೇಳಲು ನನಗೆ ಸಾಧ್ಯವಾಗುತ್ತಿದೆ.

ಹಾಗಾದರೆ ಈಗೇಕೆ ಕೆಟ್ಟಿತು? ಕಾರ್ಕಿನ ಬೆಂಡು ಪೆಟ್ರೋಲು ಹೀರದಿರಲೆಂದು ಅದಕ್ಕೆ ಶೆಲಾಕ್, ಅಂದರೆ ನಮ್ಮ ಅರಗಿನ ಲೇಪ ಕೊಡುವುದು ಹಳೆಯ ಪದ್ಧತಿ. ಅರಗು ಪೆಟ್ರೋಲಿನಲ್ಲಿ ಕರಗುವುದಿಲ್ಲ. ಆದ್ದರಿಂದಲೇ ಆ ಲೇಪ ದಶಕಗಟ್ಟಲೆ ಬಾಳುತ್ತಿತ್ತು. ಆದರೆ ಅರಗಿಗೆ ಮದ್ಯಸಾರ ತಾಗಿದರೆ ಅದು ಕರಗುತ್ತದೆ. ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು 2023ರ ಫೆಬ್ರುವರಿ 6ರಂದು ನಮ್ಮ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು, ಈಗ ಎಲ್ಲ ಕಡೆಯೂ ಸಿಗುವುದು ಅದೇ. ಎಥೆನಾಲ್ ಎಂದರೆ ಮದ್ಯಸಾರ. ಮೊದಲ ಮೂರು ನಾಲ್ಕು ವರ್ಷ ಸರಿಯಿತ್ತು, ಆಮೇಲೆ ಕೆಟ್ಟಿತು ಎಂಬ ನಿಮ್ಮ ಲೆಕ್ಕ ಇದಕ್ಕೆ ಸರಿಯಾಗಿ ಕೂರುತ್ತದೆ. ಗಾಜಿನ ಬಟ್ಟಲಿನಲ್ಲಿ ಕೂರುತ್ತಿರುವ ಕಂದು ಅಂಟು ಹೆಚ್ಚಾಗಿ ಬೆಂಡಿನಿಂದ ಇಳಿದುಬಂದ ಅರಗೇ ಇರಬೇಕು. ಅದು ಕಾರ್ಬ್ಯುರೇಟರಿನ ಸಣ್ಣ ತೂತುಗಳನ್ನೂ ಕಟ್ಟೀತು, ಬಟ್ಟಲನ್ನು ಆಗಾಗ ಬಿಚ್ಚಿ ತೊಳೆಯಿರಿ.

ಬಿಚ್ಚುವ ಮೊದಲು ಮಾಡಬಹುದಾದ ಪರೀಕ್ಷೆಯೊಂದಿದೆ. ತೆಳುವಾಗಿ ಸೀಳಿದ ಅಡಿಕೆ ದಬ್ಬೆಯೊಂದನ್ನು ಚೆನ್ನಾಗಿ ಒಣಗಿಸಿ, ನುಣುಪಾಗಿ ಕೆತ್ತಿ, ಮೇಲಿನ ಬಾಯಿಂದ ನೇರವಾಗಿ ಇಳಿಸಿ, ಎಷ್ಟು ಎತ್ತರದವರೆಗೆ ಒದ್ದೆಯಾಯಿತೆಂದು ಗುರುತು ಮಾಡಿಕೊಳ್ಳಿ. ಒಳಗಿನ ಕಡ್ಡಿಗೆ ತಾಗದಂತೆ ಮೆಲ್ಲಗೆ ಇಳಿಸಬೇಕು. ಗಾಡಿಯನ್ನು ಹೊರಗೆ ತೆಗೆಯದೆ ವಾರದ ನಂತರ ಮತ್ತೆ ಅಳೆದಾಗ ದಬ್ಬೆಯ ಗುರುತು ಅಲ್ಲೇ ಇದ್ದು ಗೇಜು ಮಾತ್ರ ಇಳಿದಿದ್ದರೆ, ಬೆಂಡೇ ನೆನೆಯುತ್ತಿದೆ ಎನ್ನುವುದರಲ್ಲಿ ಸಂಶಯವಿಲ್ಲ.

ಟ್ಯಾಂಕಿನ ಅಳತೆಯ ಬಗ್ಗೆ ಒಂದು ಮಾತು. 1929ರ ಗಾಡಿಯ ಟ್ಯಾಂಕು ಅಮೆರಿಕದ ಲೆಕ್ಕದಲ್ಲಿ 10 ಗ್ಯಾಲನ್, ಎಂದರೆ ಸುಮಾರು 38 ಲೀಟರ್. ನಮ್ಮ ಹಿರಿಯರು ಬಳಸುತ್ತಿದ್ದ ಇಂಗ್ಲಿಷ್ ಗ್ಯಾಲನ್ ಸುಮಾರು 4.5 ಲೀಟರಿನದಾದ್ದರಿಂದ ಅವರ ಲೆಕ್ಕದಲ್ಲಿ ಅದೇ ಟ್ಯಾಂಕು 8 ಗ್ಯಾಲನ್ನಿಗೆ ಸ್ವಲ್ಪ ಹೆಚ್ಚು. ತಾತನವರ ಹಳೆಯ ಪುಸ್ತಕದಲ್ಲಿ ಎಂಟು ಎಂದು ಬರೆದಿದ್ದರೆ ಅದೂ ಸರಿಯೇ.

1932ರ ನಂತರದ ಫೋರ್ಡ್ ಇಟ್ಟುಕೊಂಡವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಸೂಚನೆ. ಆ ವರ್ಷ ಟ್ಯಾಂಕು ಗಾಡಿಯ ಹಿಂಭಾಗಕ್ಕೆ ಹೋಯಿತು. 1934ರವರೆಗೆ ಬಂದ ಗೇಜಿನಲ್ಲಿ ಬೆಂಡೇ ಇಲ್ಲ. ಟ್ಯಾಂಕಿನಲ್ಲಿರುವ ಪೆಟ್ರೋಲಿನ ಒತ್ತಡ ಸಣ್ಣ ಕೊಳವೆಯೊಳಗಿನ ಗಾಳಿಯ ಮೂಲಕ ಬಂದು ಗಾಜಿನ ನಳಿಗೆಯಲ್ಲಿರುವ ಕೆಂಪು ದ್ರವವನ್ನು ಏರಿಸುತ್ತದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದು ಸುಳ್ಳು ಹೇಳುತ್ತದೆ. ಅದರ ಚಿಕಿತ್ಸೆಯೇ ಬೇರೆ. ಇಲ್ಲಿ ಬರೆದದ್ದನ್ನು ಅದಕ್ಕೆ ಅನ್ವಯಿಸಬೇಡಿ.

ಉತ್ತರ 3: ಅರಗಿನ_ಬಣ್ಣ, ಚನ್ನಪಟ್ಟಣ

ಗಾಡಿಗಳ ವಿಷಯದಲ್ಲಿ ನನಗೆ ಹೆಚ್ಚು ತಿಳಿಯದು. ಅರಗಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ, ನಮ್ಮ ಮನೆಯವರೆಲ್ಲ ಅರಗಿನಲ್ಲೇ ಬದುಕಿದವರು. ನಮ್ಮ ಬೊಂಬೆಗಳಿಗೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತೇವೆ. ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಕೂರುತ್ತದೆ, ಸ್ಪಿರಿಟಿನ ಅಗತ್ಯ ಬೀಳುವುದಿಲ್ಲ. ಆದರೆ ಮರಗೆಲಸದವರು ಬಾಗಿಲಿಗೂ ಕುರ್ಚಿಗೂ ಹೊಡೆಯುವ ಪಾಲಿಶ್ ಎಂದರೆ ಅರಗಿನ ಚಕ್ಕೆಯನ್ನು ಸ್ಪಿರಿಟಿನಲ್ಲಿ ರಾತ್ರಿಯಿಡೀ ನೆನೆಸಿದ್ದು. ಬೆಳಗಾಗುವಷ್ಟರಲ್ಲಿ ಚಕ್ಕೆ ಕರಗಿ ಜೇನಿನ ಬಣ್ಣದ ದ್ರವವಾಗಿರುತ್ತದೆ. ಬಾಟಲಿಯಲ್ಲಿ ಆ ಕೆಲಸ ಮಾಡುವ ಸ್ಪಿರಿಟಿನಂಥದೇ ನಿಮ್ಮ ಟ್ಯಾಂಕಿನಲ್ಲೂ ಐದರಲ್ಲಿ ಒಂದು ಪಾಲು ಇದೆ ಎಂದರೆ ಲೇಪ ಉಳಿಯುವುದು ಹೇಗೆ? ಬಂಕಿನ ಪೆಟ್ರೋಲಿನಲ್ಲಿ ಅದು ಅಷ್ಟು ಬೇಗ ಕರಗದೆ ಮೊದಲು ಮೆತ್ತಗಾಗಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಹೋಗಿರಬೇಕು.

ಆದ್ದರಿಂದ ಬೆಂಡಿಗೆ ಹಳೆಯ ಪದ್ಧತಿಯೆಂದು ಮತ್ತೆ ಅರಗನ್ನೇ ಹಚ್ಚಬೇಡಿ. ಅರಗಿನ ಮೇಲೆ ನನಗೆ ಅಭಿಮಾನ ಎಷ್ಟೇ ಇದ್ದರೂ ಈ ಕೆಲಸಕ್ಕೆ ಈಗ ಅದು ಆಗುವುದಿಲ್ಲ. ಬೇರೆ ಏನೇ ಹಚ್ಚಿದರೂ ನೇರವಾಗಿ ಟ್ಯಾಂಕಿಗೆ ಇಳಿಸಬೇಡಿ. ಅದೇ ಲೇಪ ಕೊಟ್ಟ ಕಾರ್ಕಿನ ಚೂರೊಂದನ್ನು ಮುಚ್ಚಳವಿರುವ ಗಾಜಿನ ಬಾಟಲಿಯಲ್ಲಿ ಬಂಕಿನ ಪೆಟ್ರೋಲಿನಲ್ಲಿ ಹದಿನೈದು ದಿನ ಬಿಟ್ಟು, ಉಗುರಿನಿಂದ ಕೆರೆದು ನೋಡಿ. ಉಗುರಿಗೆ ಅಂಟಿದರೆ ಆ ಲೇಪ ಬೇಡ.

ಒಂದು ವಿಷಯ ಕೇಳಬೇಕೆನಿಸಿತು. ಗಾಜಿನ ಸುತ್ತ ಜಿನುಗುತ್ತಿದೆ ಎಂದಿರಿ. ಗ್ಯಾಸ್ಕೆಟ್, ಅಂದರೆ ಸೋರದಂತೆ ನಡುವೆ ಇಡುವ ಬಿಲ್ಲೆ, ಕೂರಿಸುವಾಗ ಮೆಕ್ಯಾನಿಕ್‌ಗಳು ಹಚ್ಚುವ ಗೋಂದನ್ನೂ ಶೆಲಾಕ್ ಎಂದೇ ಕರೆಯುತ್ತಾರಲ್ಲ, ಅಲ್ಲಿಯೂ ಅದನ್ನೇ ಹಚ್ಚಿರಬಹುದೇ?

ಉತ್ತರ 4: ಹೊರನಾಡ_ಎ, ಮಿಷಿಗನ್

ಚನ್ನಪಟ್ಟಣದವರ ಕೊನೆಯ ಪ್ರಶ್ನೆ ಬಹಳ ಸರಿಯಾದದ್ದು. ನಾನು ಧಾರವಾಡದವನು, ಇಪ್ಪತ್ತು ವರ್ಷಗಳಿಂದ ಇಲ್ಲಿದ್ದೇನೆ. ನನ್ನಲ್ಲೊಂದು 1930ರ ಮಾಡೆಲ್ ಎ ಇದೆ. ಇಲ್ಲಿ ಶೇಕಡಾ 10ರ ಎಥೆನಾಲ್ ಬೆರಕೆ ಬಹಳ ವರ್ಷಗಳಿಂದ ಸಾಮಾನ್ಯವಾಗಿರುವುದರಿಂದ ಈ ತೊಂದರೆಯನ್ನು ನಾವು ನಿಮಗಿಂತ ಮೊದಲೇ ಕಂಡೆವು. ಹಲವರು ಕಾರ್ಕಿನ ಬೆಂಡು ತೆಗೆದು ಪೆಟ್ರೋಲು ಹೀರದ ಕೃತಕ ರಬ್ಬರಿನ ಬೆಂಡು ಹಾಕಿಕೊಂಡಿದ್ದಾರೆ, ಮಾಡೆಲ್ ಎ ಬಿಡಿಭಾಗ ಮಾರುವವರಲ್ಲಿ ಅದು ಈಗಲೂ ಸಿಗುತ್ತದೆ. ಹಳೆಯ ಕಾರ್ಕನ್ನೇ ಉಳಿಸಿಕೊಳ್ಳುವ ಆಸೆ ಇದ್ದವರು ಚೆನ್ನಾಗಿ ಒಣಗಿಸಿ ನೀರಿನಂತೆ ತೆಳುವಾದ ಸೂಪರ್ ಗ್ಲೂವನ್ನು ಎರಡು ಮೂರು ಸಲ ಹಚ್ಚುತ್ತಾರೆ. ಪ್ರತಿ ಸಲವೂ ಪೂರ್ತಿ ಒಣಗಿದ ಮೇಲೆಯೇ ಮುಂದಿನದು. ಕಾರ್ಕಿಗೆ ಬಿದ್ದ ಕೂಡಲೇ ಅದು ಬಿಸಿಯಾಗಿ ಕಣ್ಣು ಉರಿಸುವ ಹೊಗೆ ಬಿಡುತ್ತದೆ, ಬಯಲಿನಲ್ಲಿ ಕೂತು ಮಾಡಿ.

ಬಿಚ್ಚುವ ಕೆಲಸದಲ್ಲಿ ನನಗೆ ಅತಿ ಮುಖ್ಯವೆಂದು ತೋರುವುದು ಬೆಂಕಿಯ ಎಚ್ಚರ. ಮೊದಲು ಬ್ಯಾಟರಿ ಕಳಚಿ. ಈ ಗಾಡಿ 6 ವೋಲ್ಟಿನದು, ಬಾಡಿಗೆ ಸೇರಿರುವುದು ಪಾಸಿಟಿವ್ ಕಡೆ, ಈಗಿನ ಗಾಡಿಗಳ ಅಭ್ಯಾಸದಲ್ಲಿ ಅದಲುಬದಲು ಮಾಡಬೇಡಿ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಲೇಬೇಕು, ಏಕೆಂದರೆ ಗೇಜಿನ ತೂತು ಟ್ಯಾಂಕಿನ ಹಿಂಗೋಡೆಯಲ್ಲಿದೆ. ಅರ್ಧ ಟ್ಯಾಂಕಿರುವಾಗ ಅದರ ಉಂಗುರ ತಿರುಗಿಸಿದರೆ ಪೆಟ್ರೋಲು ನೇರವಾಗಿ ನಿಮ್ಮ ಮಡಿಲಿಗೆ ಸುರಿಯುತ್ತದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಆದ್ದರಿಂದ ಶೆಡ್ಡಿನೊಳಗೆ, ಅದರಲ್ಲೂ ಗುಂಡಿಯ ಮೇಲೆ ನಿಲ್ಲಿಸಿ ಈ ಕೆಲಸ ಮಾಡಬಾರದು. ತಂತಿಗೆ ತೂಗುಹಾಕಿದ ಬಲ್ಬು ಹತ್ತಿರ ತರಬಾರದು. ಟ್ಯಾಂಕಿಗೆ ಬೆಸುಗೆ ಹಾಕೋಣ ಎಂದು ಯಾರೇ ಹೇಳಿದರೂ ಒಪ್ಪಬೇಡಿ, ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯ.

ಮೀಟರುಗಳ ಫಲಕವನ್ನು ಮುಂಚೆಯೇ ತೆಗೆದುಕೊಂಡರೆ ಕೈಯಾಡಿಸಲು ಜಾಗ ಸಿಗುತ್ತದೆ. ಗಾಜನ್ನು ಹಿಡಿದಿರುವ ಉಂಗುರಕ್ಕೆ ತಕ್ಕ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಉಂಗುರದ ಹಲ್ಲು ಹೋಗುವುದಲ್ಲದೆ ಕಿಡಿಯೂ ಏಳಬಹುದು. ಉಂಗುರ, ಗ್ಯಾಸ್ಕೆಟ್, ಗಾಜು, ಮತ್ತೊಂದು ಗ್ಯಾಸ್ಕೆಟ್ ಬಂದ ಮೇಲೆ ಗೇಜನ್ನು ಓರೆ ಮಾಡಿ ಬೆಂಡಿನ ಸಮೇತ ನಿಧಾನವಾಗಿ ಹೊರಗೆಳೆಯಬೇಕು. ಎಳೆಯುವಾಗಲೇ ಕಡ್ಡಿ ಬಾಗುವುದು ಹೆಚ್ಚು. ಅದಕ್ಕೇ ಹೊರಬಂದ ಕೂಡಲೇ ಕಾಗದದ ಮೇಲಿಟ್ಟು ಅದರ ಆಕಾರವನ್ನು ಪೆನ್ಸಿಲಿನಿಂದ ಬರೆದುಕೊಳ್ಳಿ.

ಮತ್ತೆ ಕೂರಿಸುವಾಗ ಹೊಸ ಗ್ಯಾಸ್ಕೆಟ್ ಹಾಕಿ. ನೈಟ್ರೈಲ್ ರಬ್ಬರು ಬೆರೆತ ಕಾರ್ಕ್ ಈ ಜಾಗಕ್ಕೆ ಒಳ್ಳೆಯದು. ಸಿಲಿಕೋನ್ ಹಚ್ಚಬೇಡಿ, ಅದು ಪೆಟ್ರೋಲಿನಲ್ಲಿ ಉಬ್ಬಿ ಕಿತ್ತುಬರುತ್ತದೆ. ಉಂಗುರವನ್ನು ಗ್ಯಾಸ್ಕೆಟ್ ಹಿಡಿಯುವಷ್ಟು ಬಿಗಿ ಮಾಡಿದರೆ ಸಾಕು, ಇನ್ನೂ ಅರ್ಧ ಸುತ್ತು ಎಂದು ಹೋದರೆ ಗಾಜು ಸೀಳುತ್ತದೆ. ನನ್ನದು ಸೀಳಿತು.

ಇದನ್ನೆಲ್ಲ ಬಿಚ್ಚಿಟ್ಟು ನೋಡುವ ಆಸೆ ಇದ್ದವರು ಯಾವಾಗಲಾದರೂ ಈ ಕಡೆ ಬಂದರೆ ಹಿಕರಿ ಕಾರ್ನರ್ಸ್ ಊರಿನ ಗಿಲ್ಮೋರ್ ಕಾರು ಸಂಗ್ರಹಾಲಯಕ್ಕೆ ಹೋಗಬೇಕು. ಅದರ ಆವರಣದಲ್ಲಿ ಮಾಡೆಲ್ ಎ ಗಾಡಿಗೆಂದೇ ಪ್ರತ್ಯೇಕ ಕಟ್ಟಡವಿದೆ.

ಪ್ರಶ್ನೆ ಕೇಳಿದವರಿಂದ: ತೋಟದ_ಫೇಟನ್, ಸಕಲೇಶಪುರ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಉತ್ತರ ಬರೆಯಲು ಸುಮಾರು ಎರಡು ತಿಂಗಳು ತಡವಾಯಿತು. ಕೆಲಸ ಮುಗಿಸಿಯೇ ಬರೆಯೋಣ ಎಂದು ಕಾದೆ.

ಮೊದಲು ದಬ್ಬೆಯ ಪರೀಕ್ಷೆ ಮಾಡಿದೆ. ಒಂದು ವಾರ ಗಾಡಿ ನಿಂತಲ್ಲೇ ಇತ್ತು. ದಬ್ಬೆಯ ಒದ್ದೆಯ ಗುರುತು ಒಂದು ನೂಲಿನಷ್ಟೂ ಬದಲಾಗಲಿಲ್ಲ, ಗೇಜು ಮಾತ್ರ ಮತ್ತಷ್ಟು ಕೆಳಗೆ ಹೋಯಿತು. ಮೈಸೂರಿನವರು ಹೇಳಿದ್ದು ನಿಜವೆಂದು ಅಂದೇ ಖಚಿತವಾಯಿತು.

ಭಾನುವಾರ ಕಣದಲ್ಲಿ ಗಾಡಿ ನಿಲ್ಲಿಸಿ, ಬ್ಯಾಟರಿ ಕಳಚಿ, ಟ್ಯಾಂಕು ಪೂರ್ತಿ ಇಳಿಸಿ ಬಿಚ್ಚಿದೆ. ಸ್ಪ್ಯಾನರನ್ನು ಹಾಸನದ ಲೇತ್ ಅಂಗಡಿಯೊಂದರಲ್ಲಿ ಉಂಗುರದ ಅಳತೆಗೆ ಮಾಡಿಸಿಕೊಂಡಿದ್ದೆ. ಉಂಗುರ ಬಿಚ್ಚಿದಾಗ ಚನ್ನಪಟ್ಟಣದವರ ಸಂಶಯವೂ ನಿಜವಾಯಿತು. ಗ್ಯಾಸ್ಕೆಟ್ಟಿನ ಸುತ್ತ ಹಿಂದೆ ಯಾರೋ ಹಚ್ಚಿದ್ದ ಶೆಲಾಕ್ ಗೋಂದು ಮೆತ್ತಗಾಗಿ, ಬೇಸಿಗೆಯಲ್ಲಿ ಕರಗಿದ ಬೆಲ್ಲದ ಹಾಗೆ ಬೆರಳಿಗೆ ನೂಲು ನೂಲಾಗಿ ಬರುತ್ತಿತ್ತು. ಪೆಟ್ರೋಲು ಜಿನುಗುತ್ತಿದ್ದುದು ಅಲ್ಲಿಂದಲೇ.

ಬೆಂಡು ಹೊರಬಂದಾಗ ಅದರ ಒಂದು ಮಗ್ಗುಲಲ್ಲಿ ಮಾತ್ರ ಹಳೆಯ ಲೇಪದ ಹೊಳಪು ಉಳಿದಿತ್ತು. ಉಳಿದ ಕಡೆಯೆಲ್ಲ ಬರಿಯ ಕಾರ್ಕು, ಮುಟ್ಟಿದರೆ ನೆನೆದ ರಸ್ಕಿನಂತೆ ಮೆತ್ತಗೆ, ಹಿಂಡಿದರೆ ಪೆಟ್ರೋಲಿನ ಹನಿ. ಕಡ್ಡಿಯಿಂದ ಬಿಡಿಸಿ ಚಿನ್ನ ತೂಗುವ ತಕ್ಕಡಿಯಲ್ಲಿಟ್ಟರೆ 15 ಗ್ರಾಂ ಬಂತು. ಗಾಳಿಯಾಡುವ ನೆರಳಿನಲ್ಲಿ ಹನ್ನೆರಡು ದಿನ ಒಣಗಿಸಿ ಮತ್ತೆ ತೂಗಿದಾಗ 6 ಗ್ರಾಂ. ತನ್ನ ತೂಕದ ಒಂದೂವರೆ ಪಟ್ಟು ಪೆಟ್ರೋಲನ್ನು ಹೊತ್ತುಕೊಂಡು ಕಡ್ಡಿಯ ಭಾರವನ್ನೂ ಎತ್ತಬೇಕೆಂದರೆ ಅದು ಅರ್ಧ ಮುಳುಗಿಯೇ ಇರುತ್ತಿತ್ತು, ಅದರಲ್ಲಿ ಗೇಜಿನ ತಪ್ಪೇನೂ ಇರಲಿಲ್ಲ.

ಕಾರ್ಕು ಎಲ್ಲಿಯೂ ಒಡೆದಿರಲಿಲ್ಲವಾದ್ದರಿಂದ ಹೊಸ ಬೆಂಡು ತರಿಸದೆ ಅದಕ್ಕೇ ತೆಳು ಸೂಪರ್ ಗ್ಲೂ ಮೂರು ಸಲ ಹಚ್ಚಿದೆ. ತೂಕ 7 ಗ್ರಾಂ ಆಯಿತು. ಚೂರಿನ ಬದಲು ಬೆಂಡನ್ನೇ ಅಗಲ ಬಾಯಿಯ ಗಾಜಿನ ಜಾಡಿಯಲ್ಲಿ, ಬಂಕಿನ ಪೆಟ್ರೋಲಿನಲ್ಲಿ, ತೋಟದ ಔಷಧಿ ಇಡುವ ಕೋಣೆಯಲ್ಲಿ ಬೀಗ ಹಾಕಿ ಹದಿನೈದು ದಿನ ಇಟ್ಟೆ. ತೆಗೆದಾಗಲೂ 7 ಗ್ರಾಮೇ ಇತ್ತು, ಉಗುರಿಗೆ ಏನೂ ಅಂಟಲಿಲ್ಲ. ಗ್ಯಾಸ್ಕೆಟ್‌ಗಳನ್ನು ನೈಟ್ರೈಲ್ ಬೆರೆತ ಹಾಳೆಯಿಂದ ಕತ್ತರಿಸಿ, ಯಾವ ಗೋಂದೂ ಇಲ್ಲದೆ ಕೂರಿಸಿದೆ. ಕಡ್ಡಿಯನ್ನು ಪೆನ್ಸಿಲಿನ ಗೆರೆಗೆ ಹೊಂದಿಸಿ ನೋಡಿದ್ದರಿಂದ ಅದು ಬಾಗಿಲ್ಲವೆಂಬ ಧೈರ್ಯವೂ ಇತ್ತು.

ಆಮೇಲೆ ಐದೈದು ಲೀಟರ್ ಅಳೆದು ಹಾಕುತ್ತಾ ಗೇಜನ್ನೂ ದಬ್ಬೆಯನ್ನೂ ಒಟ್ಟಿಗೆ ಗುರುತು ಮಾಡಿದೆ. 10 ಲೀಟರಿಗೆ ಕಾಲು ಭಾಗಕ್ಕೆ ಸ್ವಲ್ಪ ಮೇಲೆ, 20 ಲೀಟರಿಗೆ ಅರ್ಧಕ್ಕೆ ಸ್ವಲ್ಪ ಮೇಲೆ, 35 ಲೀಟರಿಗೆ ಪೂರ್ತಿಯ ಹತ್ತಿರ ಬಂತು. ಮೂರು ವಾರವಾಯಿತು, ಕದಲಿಲ್ಲ. ಗಾಜಿನ ಕೆಳಗೆ ಬಿಳಿ ಕಾಗದ ಒತ್ತಿ ನೋಡಿದೆ, ಕಲೆಯಾಗಲಿಲ್ಲ. ಒಂದೇ ಸಂಶಯ ಉಳಿದಿದೆ. ಮೊದಲ 5 ಲೀಟರಿಗೆ ಗೇಜು ಸೊನ್ನೆಯಿಂದ ಏಳುವುದೇ ಇಲ್ಲ. ಕಡ್ಡಿಯನ್ನು ತುಸು ಬಾಗಿಸಿ ಸರಿಮಾಡಬೇಕೇ?

ಉತ್ತರ 5: ಅಳತೆಗೋಲು, ಮೈಸೂರು

ಕೈ ಹಚ್ಚಬೇಡಿ. ತಳದಲ್ಲಿ ಸ್ವಲ್ಪವೇ ಪೆಟ್ರೋಲಿರುವಾಗ ಬೆಂಡು ತೇಲಲು ಬೇಕಾದಷ್ಟು ಆಳ ಸಿಗುವುದಿಲ್ಲ, ಅದು ತಳಕ್ಕೆ ಒರಗಿಯೇ ಇರುತ್ತದೆ. ಕೆಳಗೆ ಸರಿಯಾಗಲೆಂದು ಕಡ್ಡಿ ಬಾಗಿಸಿದರೆ ಮೇಲಿನ ಗುರುತುಗಳೆಲ್ಲ ತಪ್ಪುತ್ತವೆ, ಮತ್ತೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಗೇಜಾಗುತ್ತದೆ. ಘಾಟಿಯ ದಾರಿಯಲ್ಲಿ ಅದು ಈಗಿನದಕ್ಕಿಂತ ಕೆಟ್ಟದ್ದು. ಸೊನ್ನೆ ತೋರಿಸಿದಾಗ ಇನ್ನೂ ಸುಮಾರು 5 ಲೀಟರ್ ಇದೆ ಎಂದು ದಬ್ಬೆಯ ಮೇಲೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರಿಂದ: ತೋಟದ_ಫೇಟನ್, ಸಕಲೇಶಪುರ

ಹಾಗೆಯೇ ಮಾಡಿದೆ. ಲೀಟರಿನ ಗೆರೆಗಳನ್ನು ಚೂರಿಯಲ್ಲಿ ಕೆತ್ತಿದ ದಬ್ಬೆಯನ್ನು ಬಟ್ಟೆ ಸುತ್ತಿ ಸೀಟಿನ ಪಕ್ಕ ಇಟ್ಟಿದ್ದೇನೆ. ಹೋದ ವಾರ ಮಕ್ಕಳನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಿಬಂದೆವು. ಬಂಕಿನಲ್ಲಿ ಗೇಜು ನೋಡಿ 12 ಲೀಟರ್ ಹಾಕಿಸಿದೆ, ಬಾಯಿಯವರೆಗೆ ಬರದೆ ಇಟ್ಟ ಗುರುತಿನಲ್ಲೇ ನಿಂತಿತು.